ನಂಜುಂಡಸ್ವಾಮಿಯ ಬಾಳಿಗೆ ಇಬ್ಬರು ಸಾಕ್ಷಿ

ನಂಜನಗೂಡಿನ ನೋಂದಣಿ ಕಚೇರಿಯ ಎದುರಿಗೆ ಕೂತು ಊರವರ ಆಸ್ತಿಪತ್ರ ಬರೆದೇ ತಲೆ ಬೆಳ್ಳಗಾದ ನಂಜುಂಡಸ್ವಾಮಿಯವರು ಕೊನೆಗೂ ಆತ್ಮಕಥೆ ಬರೆದು ಮುಗಿಸಿದರು. ಬರೆಯಿರಿ ಎಂದು ಯಾರೂ ಕೇಳಿರಲಿಲ್ಲ, ಬೇಡವೆನ್ನುವ ಧೈರ್ಯವೂ ಯಾರಿಗಿರಲಿಲ್ಲ. ಜೀವಮಾನವೆಲ್ಲ ಅವರು 'ನಾನು' ಎಂದು ಬರೆದದ್ದೇ ಬರೆದದ್ದು. ಆದರೆ ಆ ನಾನು ಒಂದು ದಿನ ಹುಲ್ಲಹಳ್ಳಿಯಲ್ಲಿ ಗದ್ದೆ ಮಾರುವವನು, ಇನ್ನೊಂದು ದಿನ ತಗಡೂರಿನಲ್ಲಿ ತಮ್ಮನಿಗೆ ಪಾಲು ಬಿಟ್ಟುಕೊಡುವವಳು. ತನ್ನದೇ ಒಂದು ನಾನು ಇದ್ದರೆ ಹೇಗಿರುತ್ತದೋ ನೋಡಿಯೇ ಬಿಡೋಣ ಅನ್ನಿಸಿತು ಪುಣ್ಯಾತ್ಮರಿಗೆ.

ಕೈ ಮಾತ್ರ ಹಳೇ ಚಾಳಿ ಬಿಡಲಿಲ್ಲ. 'ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯ ಪ್ರಚೋದನೆಗಳೂ ಇಲ್ಲದೆ ಬರೆದ ಜೀವನಚರಿತ್ರೆಯ ಕ್ರಮವೇನೆಂದರೆ' ಎಂದು ಶುರು. ಬಾಲ್ಯಕ್ಕೂ ಚಕ್ಕುಬಂದಿ: ಪೂರ್ವಕ್ಕೆ ಅಜ್ಜಿ, ಪಶ್ಚಿಮಕ್ಕೆ ಮೇಷ್ಟ್ರ ಬೆತ್ತ, ಉತ್ತರಕ್ಕೆ ಕಪಿಲಾ ಹೊಳೆ, ದಕ್ಷಿಣಕ್ಕೆ ಹಸಿವು. ಕಡೇ ಹಾಳೆಯ ಕೆಳಗೆ ಇಬ್ಬರು ಸಾಕ್ಷಿಗಳ ರುಜುವಿಗೆ ಜಾಗ.

"ಪುಸ್ತಕಕ್ಕೆ ಸಾಕ್ಷಿ ಯಾಕೆ ಸಾ?" ಎಂದು ಪ್ರೆಸ್ಸಿನವನು ನಕ್ಕ.

"ಸಾಕ್ಷಿ ಇಲ್ದಿದ್ರೆ ನಾಳೆ ಯಾರಾದ್ರೂ ಎಲ್ಲಾ ಬುರುಡೆ ಅಂದ್ರೆ? ಇಬ್ರ ಸೈನು ಬೀಳೋವರ್ಗೂ ಅಚ್ಚು ಬೇಡ ಕಣಯ್ಯಾ" ಎಂದರು ನಂಜುಂಡಸ್ವಾಮಿ. ಅವರಿಗೆ ಅದು ಹುಡುಗಾಟವಾಗಿರಲಿಲ್ಲ. ಊರವರ ಮಾತಿಗೆಲ್ಲ ಗಟ್ಟಿ ಆಧಾರ ಮಾಡಿಕೊಟ್ಟವರು ತಮ್ಮ ಮಾತನ್ನು ಗಾಳಿಗೆ ಬಿಡಲು ತಯಾರಿರಲಿಲ್ಲ.

ಮೊದಲನೇ ಸಾಕ್ಷಿ ಗೆಳೆಯ ಮರಿಯಯ್ಯ. ಟಿ. ನರಸೀಪುರದ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಭಾನುವಾರ ಬೆಳಿಗ್ಗೆ ಬಂದವನೇ ಪೆನ್ನು ಕಿತ್ತುಕೊಂಡ.

"ಎಲ್ಲಾಕ್ಬೇಕು ತೋರ್ಸ್ಲಾ."

"ಓದಿ ಹೇಳ್ತೀನಿ ತಡಿಯೋ."

"ನಿನ್ ಬಾಳು ನಂಗೊತ್ತಿಲ್ವಾ? ಊಟ ಎಷ್ಟೊತ್ಗೆ ಅದ್ನ ಮೊದ್ಲು ತಿಳ್ಸು" ಎನ್ನುತ್ತಾ ರುಜು ಗೀಚಿಯೇಬಿಟ್ಟ.

ಎರಡನೇ ಸಾಕ್ಷಿ ಹೆಂಡತಿ ರುದ್ರಮ್ಮ. ಸೆರಗಿಗೆ ಕೈ ಒರೆಸಿಕೊಂಡು ಬಂದು, ಕುರ್ಚಿ ಎಳೆದು ಕೂತು, "ಓದಿ" ಎಂದರು.

"ನಿಂಗ್ಯಾಕೇ ಅದೆಲ್ಲಾ?"

"ಓದಿ ಕೇಳ್ದೆ ಸೈನ್ ಹಾಕ್ಬೇಡಿ ಅಂತ ಊರಿಗೆಲ್ಲಾ ಬುದ್ಧಿ ಹೇಳ್ದೋರು ನೀವೇ ಅಲ್ವಾ?"

ವಿಧಿಯಿಲ್ಲದೆ ಓದತೊಡಗಿದರು. "ಸದರಿ ಮನೆಯನ್ನು ನಾನೊಬ್ಬನೇ ನಿಂತು ಕಟ್ಟಿಸಿರುತ್ತೇನೆ."

"ತಾರಸಿಗೆ ದಿನಾ ನೀರು ಹೊಡ್ದೋರು ಯಾರು?"

"ಮಳೆ ಬಂದಿತ್ತು ಅಂತ ಕಾಣುತ್ತೆ" ಎಂದು ಗೊಣಗಿ ಹಾಳೆ ತಿರುಗಿಸಿದರು. "ಗಣಕಯಂತ್ರದ ವಿದ್ಯೆಯನ್ನು ಸ್ವಂತ ಪರಿಶ್ರಮದಿಂದ ಕರಗತ ಮಾಡಿಕೊಂಡಿರುತ್ತೇನೆ."

ಕುಡಿಯುತ್ತಿದ್ದ ಕಾಫಿ ಮರಿಯಯ್ಯನ ಮೂಗಿಗೇರಿತು. ಏರದೇ ಇರುತ್ತದೆಯೇ? ಕೈಬರಹದ ಪತ್ರ ನಿಂತು ಎಲ್ಲ ಟೈಪಾಗಬೇಕೆಂದು ಬಂದಾಗ ಈ ಮಹಾನುಭಾವರು ಮೌಸನ್ನು ಟಿವಿ ರಿಮೋಟಿನಂತೆ ಎತ್ತಿ ಪರದೆಗೆ ಹಿಡಿದದ್ದು ಇಡೀ ಬೀದಿಗೇ ಗೊತ್ತು. ಮಾರನೆಯ ದಿನದಿಂದ ಮುಖ ಇಳಿಬಿಟ್ಟು ಮನೆಯಲ್ಲೇ ಕೂತರು. ರುದ್ರಮ್ಮ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಕಾಲೇಜು ಹುಡುಗಿಯರ ಪಕ್ಕ ಕೂತು ಟೈಪಿಂಗ್ ಕಲಿತರು. ಅಂದಿನಿಂದ ಇವರು ಹೇಳುವುದು, ಅವರು ಹೊಡೆಯುವುದು.

ರುದ್ರಮ್ಮ ಪೆನ್ನು ಎತ್ತಿಕೊಂಡು ಕ್ಯಾಪು ತೆಗೆದು, "ಮುಂದಕ್ಕೆ" ಎಂದರಷ್ಟೇ. ಅದಕ್ಕೇ ನಂಜುಂಡಸ್ವಾಮಿಗೆ ಹೆದರಿಕೆಯಾಯಿತು. ಬೇಗಬೇಗ ತಮ್ಮ ಹೆಮ್ಮೆಯ ಪುಟಕ್ಕೆ ಹಾರಿದರು: "ತವರಿನ ಪಾಲು ಬಿಟ್ಟುಕೊಡಲು ಬಂದ ಪ್ರತಿಯೊಬ್ಬ ಹೆಣ್ಣುಮಗಳನ್ನೂ ಅಣ್ಣತಮ್ಮಂದಿರಿಂದ ಆಚೆ ಕರೆದು, ಒಪ್ಪಿಗೆ ಇದೆಯೇನಮ್ಮಾ ಎಂದು ಕೇಳದೆ ನಾನು ಪೆನ್ನು ಮುಟ್ಟಿದವನಲ್ಲ."

"ಇದು ನಿಜ" ಎಂದರು ರುದ್ರಮ್ಮ. "ಇದಕ್ಕೆ ಎಲ್ಲಿ ಬೇಕಾದ್ರೂ ಸಾಕ್ಷಿ ಹೇಳ್ತೀನಿ."

ಬದುಕಿತು ಬಡಜೀವ ಎಂದುಕೊಂಡು ನಂಜುಂಡಸ್ವಾಮಿ ಕಡೇ ಸಾಲು ಓದಿದರು. "ಸದರಿ ಬಾಳು ನನ್ನ ಸ್ವಯಾರ್ಜಿತ. ಇದರಲ್ಲಿ ಬೇರೆ ಯಾರಿಗೂ ಯಾವ ಹಕ್ಕು, ಪಾಲು, ತಂಟೆ ತಕರಾರೂ ಇರುವುದಿಲ್ಲ."

ರುದ್ರಮ್ಮ ಪೆನ್ನಿಗೆ ಕ್ಯಾಪು ಹಾಕಿದರು.

"ಊರ ಹೆಣ್ಮಕ್ಕಳನ್ನೆಲ್ಲಾ ಕೇಳಿದ್ರಿ. ನನ್ ಪಾಲು ತೆಗ್ದು ಹಾಕೋವಾಗ ನನ್ನ ಕೇಳ್ಲೇ ಇಲ್ವಲ್ರೀ?"

"ಅದು ವಾಡಿಕೆ ಮಾತು ಕಣೇ. ಎಲ್ಲಾ ಪತ್ರದಲ್ಲೂ ಬರುತ್ತೆ."

"ಬರುತ್ತೆ, ಎಷ್ಟು ಸಲ ಟೈಪ್ ಮಾಡಿದೀನಿ, ನಂಗೊತ್ತಿಲ್ವಾ? ಪಾಲು ಇರೋರು ಸಾಕ್ಷಿ ಹಾಕ್ಬಾರ್ದು ಅಂತ್ಲೂ ನೀವೇ ಹೇಳ್ಕೊಟ್ಟಿದ್ದು. ಬೇರೆ ಯಾರ್ನಾದ್ರೂ ನೋಡ್ಕೊಳಿ" ಎಂದು ಎದ್ದು ಅಡಿಗೆಮನೆಗೆ ಹೋದರು.

ಮರಿಯಯ್ಯ ಮೆಲ್ಲಗೆ ಕೈ ಚಾಚಿದ. "ಲೇ ನಂಜುಂಡ, ನನ್ ಸೈನೂ ಒಡ್ದಾಕ್ಲಾ. ಓಗಿ ರುದ್ರಕ್ಕನ್ನ ಕೇಳೋಗು. ಇಲ್ದಿದ್ರೆ ನಂಗೂ ಊಟ ಸಿಕ್ಕಾಕಿಲ್ಲ."

ನಂಜುಂಡಸ್ವಾಮಿ ಕಡೇ ಸಾಲಿಗೆ ಗೀಟು ಎಳೆದರು. ಮೇಲಿನದಕ್ಕೂ ಎಳೆದರು. ಮನೆಯ ಪುಟಕ್ಕೆ ಬಂದರೆ ಅಲ್ಲಿ ರುದ್ರಮ್ಮ ಪೈಪು ಹಿಡಿದು ನಿಂತಿದ್ದರು. ಕೆಲಸದ ಪುಟಕ್ಕೆ ಬಂದರೆ ಅಲ್ಲಿ ಕೀಲಿಮಣೆಯ ಮುಂದೆ ಕೂತಿದ್ದರು. ಇಷ್ಟು ಹಾಳೆ ಖರ್ಚು ಮಾಡಿ ಹುಡುಕಿದ ಆ ಸ್ವಂತ 'ನಾನು' ಎಲ್ಲಿಯೂ ಒಂಟಿಯಾಗಿ ಸಿಗಲಿಲ್ಲ. ನಾಚಿಕೆಯಾಯಿತು. ಜೊತೆಗೆ, ಯಾಕೋ, ಹಿತವೂ ಆಯಿತು.

ಅಡಿಗೆಮನೆಯ ಬಾಗಿಲಲ್ಲಿ ನಿಂತು, ಕಚೇರಿಯ ಬೇವಿನ ಮರದಡಿ ಆ ಹೆಣ್ಣುಮಕ್ಕಳನ್ನು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು.

"ರುದ್ರಾ, ನನ್ ಜೊತೆ ಬಾಳಿದ್ದಕ್ಕೆ ನಿಂಗೆ ಒಪ್ಪಿಗೆ ಇದ್ಯೇನಮ್ಮಾ?"

ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು. "ಯಾರ ಒತ್ತಾಯ, ಪ್ರಚೋದನೆ ಇಲ್ದೆ ಕೇಳ್ತಿದ್ದೀರಾ?"

"ಮರಿಯಯ್ಯ ಒಂಚೂರು ಒತ್ತಾಯ ಮಾಡ್ದ."

ರುದ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಿಟ್ಟಾಯಿತು.

"ಮೊದ್ಲಿಂದ ಹೇಳ್ತಾ ಬನ್ನಿ, ನಾನು ಟೈಪ್ ಮಾಡ್ತೀನಿ. ಪೂರ್ತಿ ಓದಿ ಕೇಳಿದ್ಮೇಲೆ ಒಪ್ಪಿಗೆ ವಿಚಾರ. ಹೋಗಿ, ಕಂಪ್ಯೂಟರ್ ಆನ್ ಮಾಡಿ. ಮೌಸ್ ಮಾತ್ರ ಮುಟ್ಬೇಡಿ."