ಮೂವತ್ತನಾಲ್ಕು ಇಂಚು

ಕಂಪನಿಯಲ್ಲಿ ಅವನು ಎಲ್ಲರಿಗೂ ದೊಡ್ಡಣ್ಣ. ಮೂವತ್ತು ವರ್ಷದ ಹಿಂದೆ ತಗಡಿನ ಶೆಡ್ಡಿನಲ್ಲಿ ಒಂದು ಗರಗಸ, ನಾಲ್ಕು ಉಳಿ ಇಟ್ಟುಕೊಂಡು ಅಡುಗೆಮನೆಗೆ ಕಟ್ಟೆ, ಕಪಾಟು ಮಾಡಿಕೊಡಲು ಶುರುಮಾಡಿದ ಬಡಗಿ. ಗೋಡೆ ಅಳೆಯುವ ಮೊದಲು ಅಡುಗೆ ಮಾಡುವವರನ್ನು ಅಳೆಯುವುದು ಅವನ ಪದ್ಧತಿ. "ಅಕ್ಕಾ, ಚಪ್ಪಲಿ ಬಿಟ್ಟು ನೆಟ್ಟಗೆ ನಿಂತ್ಕೊಳ್ಳಿ, ಮೊಣಕೈ ಮಡಚಿ" ಎನ್ನುವನು. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಕೈಲಿದ್ದ ಮರದ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುವನು. ಕಟ್ಟೆ ಅಷ್ಟೇ ಎತ್ತರ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅವನು ಮಾಡಿದ ಕಟ್ಟೆಯ ಮುಂದೆ ನಿಂತರೆ ಸೊಂಟ ನೋಯುವುದಿಲ್ಲ ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬಿತು.

ಹಬ್ಬಿಸುವ ಗುತ್ತಿಗೆ ತಮ್ಮನದು. ಅರಳು ಹುರಿದಂತೆ ಮಾತಾಡುವ ಆಸಾಮಿ, ಬೋಳುತಲೆಯವನಿಗೂ ಬಾಚಣಿಗೆ ಮಾರಿಬಿಡುವವನು. ಶೆಡ್ಡು ಅಂಗಡಿಯಾಯಿತು, ಒಂದು ಅಂಗಡಿ ಹನ್ನೊಂದಾಯಿತು. ಕೊನೆಗೆ ಹಲಗೆ ಕೊಯ್ಯುವ ದೊಡ್ಡ ಮಷೀನ್ ಬಂದು ಕೂತಿತು.

"ಅಣ್ಣಾ, ಮನೆಗೊಂದು ಅಳತೆ ಅಂದ್ರೆ ಇದು ಕೆಲಸ ಮಾಡಲ್ಲ. ಎಲ್ಲಾದಕ್ಕೂ ಸೇರಿ ಒಂದೇ ಒಂದು ನಂಬರ್ ಹೇಳು" ಎಂದ ತಮ್ಮ.

ದೊಡ್ಡಣ್ಣ ಹೆಚ್ಚು ಯೋಚಿಸಲಿಲ್ಲ. ಪಟ್ಟಿ ನೋಡದೆ ಅವನಿಗೆ ನೆನಪಿದ್ದ ಅಳತೆ ಒಂದೇ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ನಿಲ್ಲಿಸಿ ತೆಗೆದದ್ದು. "ಮೂವತ್ತನಾಲ್ಕು ಇಂಚು" ಅಂದ. ಅಂದಿನಿಂದ ಸಾವಿರಾರು ಮನೆಗಳಲ್ಲಿ ಜನ ಅವನ ಹೆಂಡತಿಯ ಮೊಣಕೈ ಅಳತೆಗೆ ಅಡುಗೆ ಮಾಡತೊಡಗಿದರು. ಎತ್ತರದವರು ಬಗ್ಗಿದರು, ಕುಳ್ಳಗಿನವರು ತುದಿಗಾಲಲ್ಲಿ ನಿಂತರು. ಮೊದಮೊದಲು ದೊಡ್ಡಣ್ಣನಿಗೆ ಕಸಿವಿಸಿಯಾಗುತ್ತಿತ್ತು. ಆಮೇಲೆ, ನಾಚಿಕೆಗೇಡು, ಅವನೇ ಅದರ ಕಾವಲುಗಾರನಾದ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬನನ್ನೂ ಮಷೀನಿನ ಮುಂದೆ ನಿಲ್ಲಿಸಿ ಹೇಳುತ್ತಿದ್ದ: "ಕಾಗದದಲ್ಲಿ ಬೇರೆ ನಂಬರ್ ಕಂಡ್ರೆ ಅದು ಯಾರೋ ನಿದ್ದೆಗಣ್ಣಲ್ಲಿ ಬರ್ದಿರೋದು. ಮೊದ್ಲು ತಿದ್ದು, ಆಮೇಲೆ ಕೊಯ್ಯಿ. ನನ್ನ ಕೇಳೋಕೂ ಬರಬೇಡ."

ಹೋದ ವರ್ಷ ಹೆಂಡತಿಗೆ ಬೆನ್ನುಹುರಿಯ ಕಾಯಿಲೆ ಬಂತು. ಆಪರೇಷನ್ ಆಯಿತು, ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಗಾಲಿಕುರ್ಚಿಯಲ್ಲಿ ಕೂತವಳಿಗೆ ತನ್ನದೇ ಅಡುಗೆಕಟ್ಟೆ ಗೋಡೆಯಾಯಿತು. ಅಡುಗೆಗೆ ಬೇರೆ ಹೆಂಗಸು ಬರತೊಡಗಿದಳು. ಮನೆತುಂಬ ಮಾತಾಡುತ್ತಿದ್ದ ಹೆಂಡತಿ ತಟ್ಟೆ ಮುಂದಿಟ್ಟರೂ ಕಿಟಕಿ ಕಡೆ ನೋಡುತ್ತ ಕೂರುವಳು. ಒಂದು ದಿನ ತಾನಾಗಿಯೇ ಅಂದಳು: "ರೀ, ಕೂತ್ಕೊಂಡೇ ಮಾಡೋ ಹಾಗಿದ್ರೆ ನಾನೇ ಮಾಡ್ತಿದ್ದೆ. ಕಾಲು ಹೋದ್ರೆ ಹೋಗ್ಲಿ, ಕೈಗೇನು ದಾಡಿ?"

ದೊಡ್ಡಣ್ಣ ತಕ್ಷಣ ಎದ್ದ. ಎಷ್ಟೋ ವರ್ಷದ ಮೇಲೆ ಮರದ ಪಟ್ಟಿ ಹಿಡಿದು ಅವಳ ಕುರ್ಚಿಯ ಪಕ್ಕ ಮಂಡಿಯೂರಿದ. ಇಪ್ಪತ್ತೆಂಟು ಇಂಚು. ಕಟ್ಟೆಯ ಕೆಳಗೆ ಮೊಣಕಾಲು ತೂರುವಷ್ಟು ಖಾಲಿ ಜಾಗ.

"ಕಚಗುಳಿ ಆಗತ್ತೆ ಬಿಡ್ರೀ" ಎಂದು ಅವಳು ನಕ್ಕಳು. ಕಾಯಿಲೆ ಬಿದ್ದ ಮೇಲೆ ಅದೇ ಮೊದಲ ನಗು.

ತಾನೇ ಮಾಡಿಬಿಡೋಣವೆಂದರೆ ವಯಸ್ಸಾಗಿ ಕೈಗೆ ಹಿಡಿತ ತಪ್ಪಿತ್ತು. ಆದರೂ ಮನಸ್ಸು ತಡೆಯದೆ ಗರಗಸ ಕೇಳಲು ದೊಡ್ಡ ಶೋರೂಮಿಗೆ ಹೋದ. ಅವನ ಹಳೆಯ ಸಾಮಾನೆಲ್ಲ ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿತ್ತು. "ಅದನ್ನ ಬೋರ್ಡಿಗೆ ಅಂಟಿಸಿಬಿಟ್ಟಿದಾರೆ ಸರ್, ಬರಲ್ಲ. ಫೋಟೋ ಬೇಕಾದ್ರೆ ತೆಗ್ಕೊಳ್ಳಿ" ಎಂದಳು ಅಲ್ಲಿನ ಹುಡುಗಿ, ಪಾಪ, ಬಹಳ ವಿನಯದಿಂದ. ಬೇರೆ ಬಡಗಿಯನ್ನು ಹಿಡಿಯೋಣವೆಂದರೆ ಊರಿನ ಬಡಗಿಗಳೆಲ್ಲ ತಮ್ಮನ ಕಂಪನಿಯಲ್ಲಿ ಸ್ಕ್ರೂ ತಿರುಗಿಸುತ್ತಿದ್ದರು. ಕೊನೆಗೆ ಎಲ್ಲ ಗಿರಾಕಿಗಳ ಹಾಗೆ ಅವನೂ ಫಾರಂ ತುಂಬಿದ. ಇಪ್ಪತ್ತೆಂಟು ಎಂದೊಡನೆ ಕಂಪ್ಯೂಟರ್ ಕೆಂಪಗಾಯಿತು.

"ಅತ್ತಿಗೆಗೆ ತಾನೆ? ಆಕಾಶದಲ್ಲಿ ಕಟ್ಟೆ ಬೇಕು ಅಂದ್ರೂ ಮಾಡಿಸ್ತೀನಿ" ಎಂದು ತಮ್ಮ ತಾನೇ ಕೂತು ಒಪ್ಪಿಗೆ ಒತ್ತಿದ. ಸುಳ್ಳು ಪ್ರೀತಿಯಲ್ಲ ಅದು.

ಮೂರು ತಿಂಗಳು ಕಾಯಬೇಕಾಯಿತು. ಅವಳು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ತರಕಾರಿ ಹೆಚ್ಚುವುದನ್ನು ಅಭ್ಯಾಸ ಮಾಡಿದಳು. ಮೊದಲ ವಾರ ಏನೇನು ಅಡುಗೆ ಅಂತ ಚೀಟಿ ಬರೆದಳು. ಅಡುಗೆಗೆ ಬರುತ್ತಿದ್ದ ಹೆಂಗಸಿಗೆ ಮುಂದಿನ ತಿಂಗಳಿಂದ ಬರುವುದು ಬೇಡ ಅಂದೂ ಆಯಿತು.

ಜೋಡಿಸಲು ಬಂದ ದಿನ ಗಂಡ ಹೆಂಡತಿ ಇಬ್ಬರೂ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋಗಿದ್ದರು. ವಾಪಸು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಮೂವರು ಕೆಲಸಗಾರರು ಅಡುಗೆಮನೆ ಒರೆಸಿ ಫಳಫಳ ಎನ್ನಿಸಿ ಸಾಲಾಗಿ ನಿಂತಿದ್ದರು. ದೊಡ್ಡಣ್ಣನಿಗೆ ಪಟ್ಟಿ ಬೇಕಾಗಲಿಲ್ಲ. ಬಾಗಿಲಲ್ಲೇ ಕಣ್ಣಳತೆಗೆ ಗೊತ್ತಾಯಿತು. ಮೂವತ್ತನಾಲ್ಕು.

"ದೊಡ್ಡಣ್ಣ, ಕಾಗದದಲ್ಲಿ ಇಪ್ಪತ್ತೆಂಟು ಅಂತ ಇತ್ತು, ಅದೂ ನಿಮ್ಮನೆ ಆರ್ಡರಲ್ಲಿ!" ಎಂದು ನಕ್ಕ ಅವರಲ್ಲಿ ಹಿರಿಯ. "ಫ್ಯಾಕ್ಟರೀಲೇ ತಿದ್ದಿದ್ವಿ. ಕೆಳಗೆ ಖಾಲಿ ಬಿಟ್ಟಿದ್ರು, ಅಲ್ಲೂ ಕಪಾಟು ಹಾಕಿದೀವಿ. ನೀವು ಹೇಳ್ಕೊಟ್ಟಿದ್ದೇ ಅಲ್ವಾ?"

ಬೈಯುವುದು ಯಾರಿಗೆ? ದೊಡ್ಡಣ್ಣ ತಮ್ಮನಿಗೆ ಫೋನ್ ಮಾಡಿದ. ಆ ಕಡೆ ಹನ್ನೆರಡನೇ ಅಂಗಡಿ ತೆರೆಯುವ ಗದ್ದಲ.

"ಅಯ್ಯೋ ದೇವ್ರೇ! ಖಂಡಿತ ಬೇರೆ ಮಾಡಿಸೋಣ ಅಣ್ಣ. ಆದ್ರೆ ನಾನೂರು ಫ್ಲ್ಯಾಟಿನ ಕೆಲಸ ಮಷೀನಿಗೆ ಏರಿಸಿಬಿಟ್ಟಿದೀವಿ, ಒಪ್ಪಂದ ಆಗೋಗಿದೆ. ಆರು ತಿಂಗಳು ಅದನ್ನ ಮುಟ್ಟೋ ಹಾಗಿಲ್ಲ. ನನ್ನ ಕೈಲೂ ಇಲ್ಲ ಈಗ."

ಅದಷ್ಟೂ ಅವಳಿಗೆ ಕೇಳಿಸಿತು.

"ಬೇಡ ಬಿಡಿ" ಅಂದಳು. "ಇನ್ನೊಂದ್ಸಲ ಕಾಯೋಕೆ ನನ್ನ ಕೈಲಾಗಲ್ಲ. ಅವರಿಗೆ ಏನೂ ಅನ್ಬೇಡಿ ಪಾಪ, ಬೆಳಗಿಂದ ದುಡಿದಿದಾರೆ." ಆಮೇಲೆ ಆ ಮೂವರ ಕಡೆ ತಿರುಗಿ, "ಕೂತ್ಕೊಳ್ರಪ್ಪ, ಟೀ ಕುಡ್ಕೊಂಡು ಹೋಗಿ" ಎಂದು ಗಾಲಿ ಉರುಳಿಸಿಕೊಂಡು ಮುಂದೆ ಹೋದಳು. ಕುರ್ಚಿಯ ಕಾಲಿಡುವ ಹಲಗೆ ಹೊಸ ಕಪಾಟಿಗೆ ಢಿಕ್ಕಿ ಹೊಡೆದು ನಿಂತಿತು. ಅವಳು ಕೈ ಎತ್ತಿದಳು. ಬೆರಳ ತುದಿ ಕಲ್ಲಿನ ಅಂಚಿಗೆ ತಗುಲಿತು, ಒಲೆಗೆ ತಗುಲಲಿಲ್ಲ.

ಕೆಲಸಗಾರರ ನಗು ಆಗ ನಿಂತಿತು. ಹಿರಿಯವನು ತಲೆ ತಗ್ಗಿಸಿದ.

ದೊಡ್ಡಣ್ಣ ಅವಳ ಕುರ್ಚಿಯನ್ನು ಮೆಲ್ಲಗೆ ಹಿಂದೆ ಎಳೆದು, ತಾನೇ ಪಾತ್ರೆಗೆ ನೀರು ಹಾಕಿ ಒಲೆ ಹಚ್ಚಿದ. ಬೆಂಕಿ ಹೆಚ್ಚೋ ಕಡಿಮೆಯೋ ಅವನಿಗೆ ತಿಳಿಯಲಿಲ್ಲ. ಬೆನ್ನ ಹಿಂದೆ, ಕೆಳಗಿನಿಂದ, ಅವಳ ದನಿ ಬಂತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಯಾರನ್ನೂ ಕೇಳದಿದ್ದ ಮಾತು.

"ರೀ, ನೀರು ಕುದೀತಾ?"