ಮೊದಲು ತಾವೇ ಬರೆಯುವ ಚೂಡಾಮಣಿ ಟೀಚರ್

“ಅಮ್ಮಾ, ಚೂಡಾಮಣಿ ಅಜ್ಜಿ ಎಷ್ಟು ಸಲ ಫೇಲ್ ಆಗಿದಾರೆ?”

ಆರು ವರ್ಷದ ಮಾನ್ಯ ಬಾಲ್ಕನಿಯ ಕಂಬಿಗಳ ನಡುವೆ ಮೂಗು ತೂರಿಸಿಕೊಂಡು ಹೀಗೆ ಕೇಳಿದಾಗ ನಾನು ಒಗೆದ ಬಟ್ಟೆ ಹರವುತ್ತಿದ್ದೆ. ಅವಳ ಪ್ರಶ್ನೆ ಅಷ್ಟೇನೂ ಅನ್ಯಾಯದ್ದಲ್ಲ. ಎನ್.ಆರ್. ಕಾಲೋನಿಯ ನಮ್ಮ ಬೀದಿಯಲ್ಲಿ, ಎದುರು ಮನೆಯ ಜಗಲಿಯ ಮೇಲೆ, ಅರವತ್ತಾರು ವರ್ಷದ ಹೆಂಗಸೊಬ್ಬರು ಸೀರೆಯ ಮೇಲೆ ಕೋಟು ತೊಟ್ಟು, ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು, ಅತ್ತಿತ್ತ ನೋಡದೆ ಬೆಳಗ್ಗೆ ಬೆಳಗ್ಗೆ ಪರೀಕ್ಷೆ ಬರೆಯುತ್ತಾರೆ. ಮಾರನೆಯ ದಿನ ಮತ್ತೆ ಬರೆಯುತ್ತಾರೆ. ತನ್ನ ಶಾಲೆಯಲ್ಲಿ ಹೀಗೆ ಮತ್ತೆ ಮತ್ತೆ ಬರೆಯಬೇಕಾದವರು ಯಾರೆಂಬುದು ಒಂದನೇ ತರಗತಿಯ ಮಗುವಿಗೂ ಗೊತ್ತು.

“ಅಜ್ಜಿ ಫೇಲ್ ಆಗಿಲ್ಲ ಪುಟ್ಟಿ. ಬೇರೆಯವರು ಆಗಬಾರದು ಅಂತ ಬರೀತಿದಾರೆ,” ಎಂದೆ. ಮಾನ್ಯಳಿಗೆ ಸಮಾಧಾನವಾಗಲಿಲ್ಲ. ಅಂದು ನನ್ನ ಡೈರಿಯಲ್ಲಿ ಆ ಪ್ರಶ್ನೆಯನ್ನಷ್ಟೇ ಬರೆದಿಟ್ಟೆ. ಉತ್ತರ ಒಂದು ಸಾಲಿಗೆ ಮುಗಿಯುವಂಥದ್ದಲ್ಲವಾದ್ದರಿಂದ ಈಗ ಬಿಡುವಾಗಿ ಬರೆಯುತ್ತಿದ್ದೇನೆ.

ಚೂಡಾಮಣಿ ಟೀಚರು ಚಾಮರಾಜಪೇಟೆಯ ಹಳೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಮೂವತ್ನಾಲ್ಕು ವರ್ಷ ನೋಟ್‌ಬುಕ್ಕುಗಳ ಚೀಲ ಹೊತ್ತ ಎಡಭುಜ ಇಂದಿಗೂ ಬಲಭುಜಕ್ಕಿಂತ ಒಂದು ಅಂಗುಲ ತಗ್ಗಿನಲ್ಲಿದೆ. ಬರಿಗೈಯಲ್ಲಿ ತರಕಾರಿಗೆ ಹೊರಟರೂ ಅದೃಶ್ಯವಾದ ಭಾರವೊಂದನ್ನು ಎಡಕ್ಕೆ ತೂಗಿಸಿಕೊಂಡು, ಪುಟ್ಟ ಪುಟ್ಟ ಹೆಜ್ಜೆಗಳನ್ನು ಅವಸರದಿಂದ ಪೋಣಿಸುತ್ತ ನಡೆಯುತ್ತಾರೆ. ಮಾತಿನಲ್ಲಿ ‘ಆದ್ದರಿಂದ’ ಇಲ್ಲದೆ ಅವರ ವಾಕ್ಯ ದಡ ಮುಟ್ಟುವುದಿಲ್ಲ. “ಹಾಲು ಒಡೆದಿದೆ, ಆದ್ದರಿಂದ ನಿಂಬೆಹಣ್ಣಿನ ಪಾನಕ,” ಎನ್ನುತ್ತಾರೆ. “ನಿನ್ನ ಮಗಳು ನನ್ನ ಕನ್ನಡಕದ ಮೇಲೆ ಕೂತಿದ್ಲು, ಆದ್ದರಿಂದ ಇವತ್ತು ಪೇಪರ್ ನೀನೇ ಓದಿ ಹೇಳು,” ಎನ್ನುವಾಗಲೂ ಆ ದನಿಯಲ್ಲಿ ಕೋಪವಿರುವುದಿಲ್ಲ, ಒಂದು ಪ್ರಮೇಯ ಸಾಧಿಸಿದ ನೆಮ್ಮದಿಯಷ್ಟೇ ಇರುತ್ತದೆ.

ಇನ್ನು ಆ ಕೋಟು. ಗಾಢ ಕಂದು ಬಣ್ಣದ, ಮೊಣಕೈಗಳ ಬಳಿ ಬಣ್ಣ ಕಳೆದುಕೊಂಡ, ಜೇಬಿನ ಹೊಲಿಗೆಯಲ್ಲಿ ಸೀಮೆಸುಣ್ಣದ ಪುಡಿ ಶಾಶ್ವತವಾಗಿ ನೆಲೆಸಿದ ಆ ಕೋಟನ್ನು ಅವರು ಈಗ ತೊಡುವುದು ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವಾಗ ಮಾತ್ರ. ಅದು ಮೈಮೇಲಿದ್ದಷ್ಟು ಹೊತ್ತು ಯಾರೂ ಅವರನ್ನು ಮಾತನಾಡಿಸುವಂತಿಲ್ಲ. ಕೊರಿಯರ್‌ನವನು ಗೇಟಿನಾಚೆ ನಿಂತು ಕಾಯುತ್ತಾನೆ; ಹೂವಿನವಳು ಮೊಳ ಹಾಕಿ ಕಟಾಂಜನಕ್ಕೆ ಸಿಕ್ಕಿಸಿ ಸದ್ದಿಲ್ಲದೆ ಹೋಗುತ್ತಾಳೆ.

ಅವರ ನೇಮ ಇಷ್ಟೇ: ತಾನು ಕೂತು ಬರೆದು ನೋಡದ ಪತ್ರಿಕೆಯನ್ನು ಮಕ್ಕಳ ಕೈಗೆ ಕೊಡಬಾರದು. ಕಣ್ಣಾಡಿಸಿದರೆ ಸಾಲದು, ಮನಸ್ಸಿನಲ್ಲೇ ಬಿಡಿಸಿದರೂ ಸಾಲದು. ಮೊದಲ ಪ್ರಶ್ನೆಯಿಂದ ಕೊನೆಯದರವರೆಗೆ, ಹಂತ ಬಿಡದೆ, ಚಿತ್ರ ಬರೆದು, ಗೆರೆ ಎಳೆದು ಬರೆಯಬೇಕು. ಮಕ್ಕಳಿಗೆ ಮೂರು ಗಂಟೆಯ ಪತ್ರಿಕೆ ತನಗೆ ಒಂದು ಗಂಟೆಯಲ್ಲಿ ಮುಗಿಯದಿದ್ದರೆ ತಪ್ಪು ಪತ್ರಿಕೆಯದು. ಒಮ್ಮೆ ಬೇರೆ ಶಾಲೆಯಿಂದ ಬಂದ ಪತ್ರಿಕೆಯ ಕಟ್ಟನ್ನು ಇವರು ಸ್ಟಾಫ್ ರೂಮಿನಲ್ಲಿ ಬಿಚ್ಚಿಕೊಂಡು ಕೂತಾಗ ಹೆಡ್‌ಮಾಸ್ಟರ್ ನರಸಿಂಹಯ್ಯನವರು ಬಾಗಿಲಲ್ಲಿ ನಿಂತು, “ತಾಯಿ, ಬೆಲ್ ಹೊಡಿಯೋ ಹೊತ್ತಾಯ್ತು!” ಎಂದು ಗೋಗರೆದರಂತೆ. “ಇನ್ನೂ ನಾಲ್ಕು ಪ್ರಶ್ನೆ ಇದೆ ಸರ್, ಆದ್ದರಿಂದ ಬೆಲ್ ನಿಲ್ಲಿಸಿ,” ಎಂದು ಇವರು ತಲೆ ಎತ್ತದೆ ಉತ್ತರಿಸಿದರಂತೆ. ಬೆಲ್ ನಿಂತಿತು.

ಈ ವರ್ಷ ಆ ನೇಮಕ್ಕೆ ಪರೀಕ್ಷೆ ಬಂದದ್ದು ಶಿವಕುಮಾರಿಯಿಂದ, ನನ್ನಿಂದ ಕೂಡ.

ಶಿವಕುಮಾರಿ ಅದೇ ಶಾಲೆಯ ಆಯಾ. ವಯಸ್ಸು ಮೂವತ್ತೆಂಟು. ಹನ್ನೊಂದು ವರ್ಷದಿಂದ ಬಕೆಟ್ಟು, ಫಿನಾಯಿಲು ಹಿಡಿದು ಶೌಚಾಲಯ ತೊಳೆಯುವವಳು. ಶಾಲೆಯ ಅಟೆಂಡರ್ ಈ ಜೂನ್ ಕೊನೆಗೆ ನಿವೃತ್ತನಾಗುವವನಿದ್ದ. ಎಸ್ಸೆಸ್ಸೆಲ್ಸಿ ಪಾಸಾದರೆ ಆ ಜಾಗ ಅವಳಿಗೆ, ಇಲ್ಲದಿದ್ದರೆ ಹೊರಗಿನವರಿಗೆ ಎಂದು ಆಡಳಿತ ಮಂಡಳಿ ಹೇಳಿತ್ತು. ಉಳಿದ ವಿಷಯಗಳನ್ನೆಲ್ಲ ಅವಳು ಹೇಗೋ ದಾಟಿದ್ದಳು. ಗಣಿತದಲ್ಲಿ ಮೂರು ಸಲ ನಪಾಸು. ಬೇಸಿಗೆ ರಜೆಯಲ್ಲಿ, ಮರುಪರೀಕ್ಷೆಗೆ ಇಪ್ಪತ್ನಾಲ್ಕು ದಿನವಿದ್ದಾಗ ಅವಳು ಟೀಚರ ಜಗಲಿಗೆ ಬಂದು ಕೂತಳು.

ಎರಡು ದಿನ ಅವಳನ್ನು ಪರೀಕ್ಷಿಸಿದ ಟೀಚರು ನನಗೆ ಹೇಳಿದರು: “ಅವಳಿಗೆ ಲೆಕ್ಕ ಬರುತ್ತೆ ವಾಣಿ. ಬಾಯಲ್ಲಿ ಕೇಳಿದ್ರೆ ಪಟಪಟ ಹೇಳ್ತಾಳೆ. ಪತ್ರಿಕೆ ಅಂತ ಕೈಗೆ ಕೊಟ್ರೆ ಬೆರಳು ತಣ್ಣಗಾಗುತ್ತೆ. ಆದ್ದರಿಂದ ದಿನಕ್ಕೊಂದು ಪತ್ರಿಕೆ ಬರೀಬೇಕು, ಪತ್ರಿಕೆ ಅನ್ನೋದು ಅವಳಿಗೆ ಬೇಜಾರಾಗಿ ಹೋಗ್ಬೇಕು.”

ಆದರೆ ಹಳೆಯ ಪತ್ರಿಕೆಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಹೊಸದನ್ನು ರಚಿಸಲು ಟೀಚರಿಗೆ ನಾಲ್ಕು ದಿನ ಬೇಕು. ಯಾವ ಅಧ್ಯಾಯಕ್ಕೆ ಎಷ್ಟು ಅಂಕ, ಸುಲಭವಾದದ್ದೆಷ್ಟು, ಕಠಿಣವಾದದ್ದೆಷ್ಟು ಎಂದು ಚೌಕ ಹಾಕಿ ಮೊದಲು ನೀಲನಕ್ಷೆ ಬರೆಯುತ್ತಾರೆ. ಆ ಚೌಕಗಳು ಅಡ್ಡಕ್ಕೂ ಉದ್ದಕ್ಕೂ ಕೂಡಿ ಸರಿಹೋದ ಮೇಲೆಯೇ ಪ್ರಶ್ನೆ ಹುಟ್ಟಬೇಕು. ನಾನು ಮಗು ಹುಟ್ಟಿದ ಮೇಲೆ ಮನೆಯಿಂದಲೇ ಪಠ್ಯಸಾಮಗ್ರಿ ಸಿದ್ಧಪಡಿಸುವ ಅರ್ಧ ದಿನದ ಕೆಲಸ ಮಾಡುವವಳು. ಎಐ ನನ್ನ ನಿತ್ಯದ ಉಪಕರಣ. “ನಿಮ್ಮ ನೀಲನಕ್ಷೆ ಕೊಡಿ ಟೀಚರ್, ಪ್ರಶ್ನೆ ಅದು ಮಾಡುತ್ತೆ,” ಎಂದೆ. ಅವರ ನೀಲನಕ್ಷೆಯ ಫೋಟೊ ತೆಗೆದು, ಅಧ್ಯಾಯಗಳನ್ನು ಸೇರಿಸಿ, ಹೀಗೆ ಹೀಗೆ ಬೇಕೆಂದು ವಿವರವಾಗಿ ಬರೆದೆ. ಅನ್ನ ಕುದಿಯುವುದರೊಳಗೆ ಮೂವತ್ತೆಂಟು ಪ್ರಶ್ನೆಗಳ ಪತ್ರಿಕೆ, ಜೊತೆಗೆ ಉತ್ತರಸೂಚಿ, ನನ್ನ ಮುಂದಿತ್ತು.

ಟೀಚರು ಅದನ್ನು ನೋಡಿ ಬೆರಗಾಗಲಿಲ್ಲ, ಬೇಸರಪಡಲೂ ಇಲ್ಲ. ಕೋಟು ತೊಟ್ಟರು. ಒಂದು ಗಂಟೆಯ ಮೇಲೆ ಹಾಳೆಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ‘71/80’ ಎಂದು ಬರೆದು ನನಗೆ ಕೊಟ್ಟರು.

“ಇದು ಯಾರಿಗೆ ಕೊಟ್ಟ ಮಾರ್ಕು ಟೀಚರ್?”

“ನಿನ್ನ ಯಂತ್ರಕ್ಕೆ. ಬಿ.ಎಡ್. ಟ್ರೈನಿಂಗಿಗೆ ಬರ್ತಿದ್ದ ಹುಡುಗೀರ ಹಾಗಿದೆ. ಕೈ ಚುರುಕು, ಅಕ್ಷರ ಚೆಂದ, ಬರೆದದ್ದನ್ನ ತಿರುಗಿ ನೋಡೋ ಅಭ್ಯಾಸ ಇಲ್ಲ. ಹನ್ನೆರಡನೇದೂ ಹತ್ತೊಂಬತ್ತನೇದೂ ಒಂದೇ ಪ್ರಶ್ನೆ, ಸೀರೆ ಮಾತ್ರ ಬೇರೆ.”

ಹೀಗೆ ದಿನ ಸಾಗಿತು. ಬೆಳಗ್ಗೆ ನಾನು ಪತ್ರಿಕೆ ಮಾಡಿಸುವುದು, ಟೀಚರು ಬರೆದು ತಿದ್ದುವುದು, ಮಧ್ಯಾಹ್ನ ಶಿವಕುಮಾರಿ ಬರೆಯುವುದು. ಯಂತ್ರದ ಅಂಕ ಎಪ್ಪತ್ತೊಂದರಿಂದ ಎಪ್ಪತ್ತಾರಕ್ಕೇರಿತು. ಶಿವಕುಮಾರಿಯದು ಹದಿನೆಂಟರಿಂದ ಮೂವತ್ತೊಂದಕ್ಕೆ. ಅವಳು ಪತ್ರಿಕೆ ಕಂಡರೆ ಈಗ ಆಕಳಿಸುತ್ತಾಳೆ ಎಂದು ಟೀಚರು ಹೆಮ್ಮೆಯಿಂದ ಹೇಳಿಕೊಂಡರು.

ಒಂಬತ್ತನೆಯ ದಿನ ಅವರು ತಂಗಿಯ ಮನೆಯ ಗೃಹಪ್ರವೇಶಕ್ಕೆ ಮೈಸೂರಿಗೆ ಹೋದರು. “ಇವತ್ತಿನದು ನಾನು ಬಂದು ಬರೆದ ಮೇಲೆ ಕೊಡು,” ಎಂದು ಹೇಳಿಯೇ ಹೋಗಿದ್ದರು. ನನಗೋ ಒಂದು ದಿನ ವ್ಯರ್ಥವಾಗುತ್ತದಲ್ಲ ಎಂಬ ಸಂಕಟ. ಹಿಂದಿನ ಪತ್ರಿಕೆಗಳಲ್ಲಿದ್ದದ್ದು ಸಣ್ಣಪುಟ್ಟ ಲೋಪ ತಾನೇ? ಮೇಲಿಂದ ಕೆಳಕ್ಕೆ ಒಮ್ಮೆ ಓದಿ, ಚೆನ್ನಾಗಿದೆ ಎನ್ನಿಸಿ, ಶಿವಕುಮಾರಿಗೆ ವಾಟ್ಸಾಪ್ ಮಾಡಿಬಿಟ್ಟೆ.

ಮಾರನೆಯ ಬೆಳಗ್ಗೆ ಅವಳು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಟೀಚರು ಕೊಟ್ಟಿದ್ದ ಜಾಮಿಟ್ರಿ ಬಾಕ್ಸು ಕೈಯಲ್ಲಿತ್ತು.

“ಇದನ್ನ ಮಿಸ್‌ಗೆ ಕೊಟ್ಬಿಡಿ ಅಕ್ಕ. ನಾನು ಪರೀಕ್ಷೆಗೆ ಕೂರಲ್ಲ.”

“ಯಾಕೆ ಶಿವಕುಮಾರಿ? ಏನಾಯ್ತು?”

“ನಿನ್ನೆ ಒಂದು ತ್ರಿಭುಜ ಬರೆಯಕ್ಕೆ ಕೂತೆ. ಮಧ್ಯಾಹ್ನದಿಂದ ಸಂಜೆವರ್ಗೂ ಬರೆದೆ, ಅಳಿಸ್ದೆ, ಬರೆದೆ. ಹಾಳೆ ತೂತಾಯ್ತು. ಬರೀ ತ್ರಿಭುಜ ಅಕ್ಕ, ಮಕ್ಕಳೂ ಬರೀತಾರೆ! ನನ್ ತಲೆ ಬಕೆಟ್ ಹೊರೋಕೇ ಇರೋದು, ಬಿಡಿ.” ನಾನು ಬಾಯಿ ತೆರೆಯುವ ಮೊದಲೇ ಅವಳು ಮೆಟ್ಟಿಲಿಳಿದು ಹೋಗಿಯಾಗಿತ್ತು.

ಹನ್ನೊಂದು ಗಂಟೆಗೆ ಟೀಚರು ಮೈಸೂರಿನಿಂದ ಬಂದರು. ಶಿವಕುಮಾರಿ ಬಂದು ಹೋದದ್ದನ್ನು ಹೇಳುವ ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಅವರು ಕೈಕಾಲು ತೊಳೆದು ಕೋಟು ತೊಟ್ಟು ಅದೇ ಪತ್ರಿಕೆಯ ಮುಂದೆ ಕೂತಾಗಿತ್ತು. ಕೋಟು ಮೈಮೇಲಿರುವಾಗ ಮಾತನಾಡಿಸುವ ಅಭ್ಯಾಸ ಯಾರಿಗೂ ಇಲ್ಲ. ನಾನು ಜಗಲಿಯ ಕಂಬಕ್ಕೊರಗಿ ನಿಂತೆ. ಇಪ್ಪತ್ತೇಳನೆಯ ಪ್ರಶ್ನೆಯಲ್ಲಿ ಕೈವಾರ ನಿಂತಿತು. 5, 7 ಮತ್ತು 13 ಸೆಂಟಿಮೀಟರ್ ಬಾಹುಗಳುಳ್ಳ ತ್ರಿಭುಜವನ್ನು ಅಳತೆಗೆ ಸರಿಯಾಗಿ ಬರೆದು, ಅದಕ್ಕೆ ಸಮರೂಪವಾದ ಮತ್ತೊಂದರ ಸುತ್ತಳತೆ ಕಂಡುಹಿಡಿಯಬೇಕಿತ್ತು. ಉತ್ತರಸೂಚಿಯಲ್ಲಿ ಸುತ್ತಳತೆಯೂ ಠೀವಿಯಿಂದ ಕೂತಿತ್ತು.

ಟೀಚರು ಪೆನ್ನಿನ ಮುಚ್ಚಳ ಹಾಕಿದರು.

“ಇದು ಅವಳಿಗೆ ಹೋಯ್ತಾ?”

“ಹೋಯ್ತು ಟೀಚರ್.” ಬೆಳಗಿನದೆಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಕಾದೆ.

“ಚಪ್ಪಲಿ ಹಾಕ್ಕೋ,” ಎಂದರು. ಅಷ್ಟೇ.

ಚಾಮರಾಜಪೇಟೆಯ ಒಳ ಅಡ್ಡರಸ್ತೆಯಲ್ಲಿ ಶಿವಕುಮಾರಿಯ ಮನೆ. ಗಂಡ ಮರಿಯಣ್ಣ ಕಿಟಕಿಯ ಗ್ರಿಲ್ ಮಾಡುವ ವೆಲ್ಡರ್. ಊಟಕ್ಕೆಂದು ಬಂದವನು ತಟ್ಟೆಯ ಮುಂದಿದ್ದ. ಟೀಚರು ಒಳಗೆ ಬಂದವರೇ ಕುಶಲ ವಿಚಾರಿಸದೆ, “ಪೊರಕೆ ಎಲ್ಲಿ?” ಎಂದರು. ತೆಂಗಿನ ಪೊರಕೆಯಿಂದ ಮೂರು ಕಡ್ಡಿ ಎಳೆದು, ಸ್ಕೇಲಿಟ್ಟು, ಐದು, ಏಳು, ಹದಿಮೂರು ಸೆಂಟಿಮೀಟರಿಗೆ ಮುರಿದು ನೆಲದ ಮೇಲಿಟ್ಟರು.

“ಸೇರಿಸು.”

ಶಿವಕುಮಾರಿ ಒಲ್ಲದ ಮನಸ್ಸಿನಿಂದ ಕೂತಳು. ಉದ್ದ ಕಡ್ಡಿಯ ಎರಡು ತುದಿಗೆ ಉಳಿದೆರಡನ್ನು ಇಟ್ಟಳು. ಒಂದರ ಕಡೆಗೆ ಇನ್ನೊಂದನ್ನು ಬಾಗಿಸಿದಳು. ಎರಡೂ ನೆಲಕ್ಕಂಟಿ ಮಲಗಿದವು. ನಡುವೆ ಒಂದು ಬೆರಳಿನ ಸಂದು ಹಾಗೇ ಉಳಿಯಿತು.

“ಸೇರ್ತಾನೇ ಇಲ್ವಲ್ಲ ಮಿಸ್.”

ಮರಿಯಣ್ಣ ತಟ್ಟೆಯಿಂದ ಕತ್ತೆತ್ತಿ, “ಎಲ್ಲಿ ಸೇರುತ್ತೆ? ಉದ್ದಂದು ಜಾಸ್ತಿ ಆಯ್ತು. ಅದನ್ನ ಹನ್ನೊಂದು ಮಾಡ್ಕೊಳಿ, ಸರಿಯಾಗಿ ಕೂರುತ್ತೆ. ಬೇಕಾದ್ರೆ ವೆಲ್ಡ್ ಮಾಡ್ಕೊಡ್ತೀನಿ,” ಎಂದ.

“ಕೇಳಿದ್ಯಾ?” ಎಂದರು ಟೀಚರು. “ಐದೂ ಏಳೂ ಸೇರಿದ್ರೆ ಹನ್ನೆರಡು. ಹದಿಮೂರನ್ನ ಅದು ಮುಟ್ಟಲ್ಲ. ಈ ತ್ರಿಭುಜವನ್ನ ಬ್ರಹ್ಮ ಬಂದ್ರೂ ಬರೆಯಕ್ಕಾಗಲ್ಲ. ನಿನ್ನ ತಲೆ ಸರಿಯಾಗಿದೆ. ಪ್ರಶ್ನೆ ತಪ್ಪು.”

ಶಿವಕುಮಾರಿ ಕಡ್ಡಿಗಳನ್ನೇ ನೋಡುತ್ತ ಅಳತೊಡಗಿದಳು. ಆಮೇಲೆ ಟೀಚರು ಹೇಳಿದ ಮಾತು ನನ್ನ ಕಿವಿಯಲ್ಲಿ ಇಂದಿಗೂ ಇದೆ. “ನಾನು ಬರೆದು ನೋಡದೇ ಇರೋ ಪತ್ರಿಕೆ ನಿನ್ನ ಕೈಗೆ ಬಂತು. ನನ್ನದೇ ತಪ್ಪು. ಕ್ಷಮಿಸು ತಾಯಿ.” ನನ್ನ ಹೆಸರನ್ನು ಅವರು ಎತ್ತಲೇ ಇಲ್ಲ. ನಾನೇ ಮುಂದೆ ಬಂದು, “ಇಲ್ಲ, ಕಳಿಸಿದ್ದು ನಾನು,” ಎನ್ನಬೇಕಾಯಿತು.

“ಅಯ್ಯೋ, ನೀವಿಬ್ರೂ ಹಿಂಗೆ ಕಿತ್ತಾಡ್ಬೇಡಿ,” ಎಂದಳು ಶಿವಕುಮಾರಿ; ಅಳುತ್ತಿದ್ದವಳಿಗೆ ನಗು ಬಂದಿತ್ತು. “ಆ ಬಾಕ್ಸ್ ತಂದಿದೀರಾ ಅಕ್ಕ?”

ತಂದಿದ್ದೆ.

ಆಮೇಲಿನ ಹದಿನೈದು ದಿನ ಟೀಚರು ಬರೆಯದ ಒಂದು ಪ್ರಶ್ನೆಯೂ ಆ ಜಗಲಿಯಿಂದ ಇಳಿಯಲಿಲ್ಲ. ಎಐಗೆ ನಾನು ಕೊಡುತ್ತಿದ್ದ ಸೂಚನೆಯೂ ಬದಲಾಯಿತು: ಪ್ರತಿ ಅಳತೆಯನ್ನೂ ನೀನೇ ಬಿಡಿಸಿ ನೋಡಿ ಆಮೇಲೆ ಕೊಡು ಎಂಬ ಸಾಲನ್ನು ಟೀಚರು ಹೇಳಿ ಬರೆಸಿದರು. ಆದರೂ ಕೋಟು ಮಾತ್ರ ಮೊಳೆಗೆ ಮರಳಲಿಲ್ಲ. ಶಿವಕುಮಾರಿಗೂ ಒಂದು ಹೊಸ ಚಟ ಹತ್ತಿತು. ಉತ್ತರ ಬಾರದಿದ್ದಾಗ ಮೊದಲು ಪ್ರಶ್ನೆಯನ್ನು ಅನುಮಾನಿಸುವುದು. “ಇದು ಸರಿಯಾಗಿದೆಯಾ ಮಿಸ್, ಇಲ್ಲಾ ಇದೂ ಕಡ್ಡಿ ಕೇಸಾ?” ಎಂದು ಕೇಳುವಷ್ಟು ಧೈರ್ಯ ಬಂದ ಹೆಂಗಸು ಪರೀಕ್ಷೆಗೆ ಹೆದರುವುದಾದರೂ ಹೇಗೆ?

ಫಲಿತಾಂಶ ಬಂದ ದಿನ ಪಾಸಿಗೆ ಬೇಕಾದ್ದಕ್ಕಿಂತ ಹನ್ನೊಂದು ಅಂಕ ಹೆಚ್ಚಿತ್ತು. ಮೊಬೈಲಿನಲ್ಲಿ ಅದನ್ನು ನೋಡಿ ನಾನು ಜಗಲಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಆ ತ್ರಿಭುಜದ ದಿನದಿಂದ ಪಕ್ಕೆಯಲ್ಲಿ ಸಿಕ್ಕಿಕೊಂಡಿದ್ದ ಮುಳ್ಳೊಂದು ಸದ್ದಿಲ್ಲದೆ ಕಳಚಿದ ಹಾಗಾಯಿತು. ಟೀಚರು ಅಂಕಪಟ್ಟಿಯನ್ನು ಎರಡು ಸಲ ಕೂಡಿ ನೋಡಿ, “ಸರಿ ಇದೆ,” ಎಂದು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದರು. ಜುಲೈ ಒಂದರಂದು ಶಾಲೆಯ ಬೆಲ್ ಹೊಡೆದದ್ದು ಶಿವಕುಮಾರಿ. ಮರಿಯಣ್ಣ ಕೆಲಸ ಬಿಟ್ಟು ಗೇಟಿನ ಬಳಿ ನಿಂತು ಕೇಳಿಸಿಕೊಂಡನಂತೆ.

ಪ್ರಶ್ನೆ ಕೇಳುವ ಅಧಿಕಾರ ಸುಲಭದ್ದು. ಅದು ಕುರ್ಚಿಯ ಜೊತೆಗೇ ಬರುತ್ತದೆ, ಈಗೀಗ ಯಂತ್ರದ ಜೊತೆಗೂ ಬರುತ್ತದೆ. ಕೇಳುವ ಮೊದಲು ಆ ಪ್ರಶ್ನೆಯ ಕಷ್ಟವನ್ನು ತನ್ನ ಕೈಯಲ್ಲೇ ಒಮ್ಮೆ ತೂಗಿ ನೋಡುವ ಜನ ಬೇರೆ. ಅಡುಗೆಯ ಉಪ್ಪನ್ನು ತಾವು ಮೊದಲು ನೋಡಿ ಬಡಿಸುವವರು, ಮಗುವಿನ ಸ್ನಾನದ ನೀರಿಗೆ ತಮ್ಮ ಮೊಣಕೈ ಅದ್ದುವವರು, ಕತ್ತಲ ಮೆಟ್ಟಿಲನ್ನು ತಾವು ಇಳಿದು ನೋಡಿ ‘ಬಾ’ ಎನ್ನುವವರು. ಅಂಥವರು ಬಹಳ ಮಂದಿ ಇರುವುದಿಲ್ಲ, ಇದ್ದವರು ಸದ್ದು ಮಾಡುವುದಿಲ್ಲ. ಆದರೆ ಅಂಥವರೊಬ್ಬರು ಎದುರು ಮನೆಯಲ್ಲಿದ್ದರೆ ಆ ಬೀದಿಯ ತಾಯಂದಿರು ಸ್ವಲ್ಪ ನಿಶ್ಚಿಂತೆಯಿಂದ ಮಲಗಬಹುದು.

ನಿನ್ನೆ ಸಂಜೆ ಟೀಚರು ರಸ್ತೆ ದಾಟಿ ನಮ್ಮ ಮನೆಗೇ ಬಂದರು. ಅವರು ಹಾಗೆ ಬರುವುದು ಅಪರೂಪ. ಕಾಫಿ ಬೇಡವೆಂದರು. ಶಿವಕುಮಾರಿಯನ್ನು ನೋಡಿ ಶಾಲೆಯ ಬಿಸಿಯೂಟದ ಅಡುಗೆಯವಳಿಗೂ ಆಸೆ ಹುಟ್ಟಿದೆಯಂತೆ. ಅವಳಿಗೆ ಉಳಿದಿರುವುದು ಸಮಾಜವಿಜ್ಞಾನ.

“ನಿನ್ನ ಯಂತ್ರ ಪತ್ರಿಕೆ ಮಾಡುತ್ತೆ, ಅದು ಸರಿ,” ಎಂದು ನಿಧಾನವಾಗಿ ಶುರುಮಾಡಿದರು. “ಆದ್ರೆ ಇತಿಹಾಸ, ಸಂವಿಧಾನ ನನಗೆ ಬರಲ್ಲ ವಾಣಿ. ತಪ್ಪಿದ್ರೂ ನನ್ನ ಕಣ್ಣಿಗೆ ಸರಿ ಇದ್ದಂಗೇ ಕಾಣುತ್ತೆ. ಬರದೇ ಇರೋದನ್ನ ಬರೆದು ನೋಡಿದೆ ಅಂತ ನಾಟಕ ಆಡಕ್ಕಾಗಲ್ಲ. ನೀನು ಬಿ.ಎ.ನಲ್ಲಿ ಅದನ್ನೇ ಓದಿದವಳು.” ಆಮೇಲೆ ಕೇಳಿದರು: “ಆ ಪತ್ರಿಕೆಗಳನ್ನ ನೀನು ಬರೀತೀಯಾ? ಒಲೆ ಮುಂದೆ ನಿಂತ್ಕೊಂಡು ಓದೋದಲ್ಲ. ಕೂತ್ಕೊಂಡು, ಪೂರ್ತಿ.”