ಏಳನೇ ನಂಬರಿನ ಅಂಗಿ

"ಇನ್ನೂ ಒಂದು ಗೇಣು ಬೇಕ್ರಿ," ಅಂದ ಬಡಿಗೇರ ಮುದಕಪ್ಪ, ಪೆಟ್ಟಿಗೆಯ ಹಲಗೆಯ ಮೇಲೆ ಕೈಯಳತೆ ಹಾಕುತ್ತ. ಸಾತಪ್ಪ ಮತ್ತೊಂದು ಹಲಗೆ ಎಳೆದು ತಂದ. ಒಳಗೆ ಚಾಪೆಯ ಮೇಲೆ ಮಲಗಿಸಿದ್ದ ರೊಜಾರಿಯೊನ ಪಾದಗಳು ಹೊಸ್ತಿಲಿಗೆ ಬಂದಿದ್ದವು. ಜ್ವರ ಅವನನ್ನು ನಲವತ್ತರೊಳಗೇ ಒಯ್ದಿತ್ತು.

ಹೆಂಡತಿ ಇಜಾಬೆಲ್ ಗೋಡೆಗೊರಗಿ ಕೂತಿದ್ದಳು. ಅಳುವಷ್ಟು ತ್ರಾಣವೂ ಉಳಿದಿರಲಿಲ್ಲ.

"ಒಂದೀಟು ಚಹಾ ಕುಡೀರಿ, ವೈನಿ," ಅಂದ ಸಾತಪ್ಪ.

"ಆಮ್ಯಾಲ, ಸಾತಪ್ಪಣ್ಣ."

ಹೊರಗೆ ಜೀಪು ನಿಂತಿತು. ಸಾಮಿಲ್ಲಿನ ಸಾವ್ಕಾರ ಶಿವಲಿಂಗಪ್ಪ ಹಳದಿ ಅಂಗಿಯೊಂದನ್ನು ಹಿಡಿದು ಒಳಗೆ ಬಂದ. ಬೆನ್ನಿಗೆ ಏಳರ ನಂಬರು.

"ಇದನ್ನ ಹಾಕಿ ಕಳಸೂಣು, ಇಜಾಬೆಲ್. ದಾಂಡೇಲಿ ಹೆಸರು ಎತ್ತಿ ಹಿಡದಾಂವ."

*

ಆಗಿನ್ನೂ ಗೋವೆ ಪೋರ್ತುಗೀಜರ ಕೈಯಲ್ಲಿತ್ತು. ಅಲ್ಲಿಯ ಪಾದ್ರಿಗಳ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಕಲಿತಿದ್ದ ರೊಜಾರಿಯೊ ಗಡಿಯ ಅನಮೋಡದ ಕಾಡು ದಾಟಿ ಕೆಲಸ ಹುಡುಕಿಕೊಂಡು ದಾಂಡೇಲಿಗೆ ಬಂದ. ಶಿವಲಿಂಗಪ್ಪ ಟೀಮು ಕಟ್ಟುತ್ತಿದ್ದ.

"ಕೆಲಸ ಏನ್ರಿ?"

"ಆಡೂದು."

"ಆಮ್ಯಾಲ?"

"ಮತ್ತ ಆಡೂದು."

ಚೆಂಡು ಆಡುವವನಿಗೆ ಪಗಾರ ಅಂದರೆ ಜನ ನಕ್ಕರು. ಹುಬ್ಬಳ್ಳಿ, ಬೆಳಗಾವಿಯಲ್ಲಿ ಅವನು ಆಡಿದ್ದನ್ನು ಕಂಡ ಮೇಲೆ ನಗಲಿಲ್ಲ. ಗಡಿಯಾಚೆ ತಾಯಿ ತೀರಿಕೊಂಡ ಸುದ್ದಿ ಬಂದ ದಿನ ದಾರಿ ಮುಚ್ಚಿತ್ತು, ಹೋಗಲಾಗಲಿಲ್ಲ. ಸಂಜೆ ಹಳಿಯಾಳದಲ್ಲಿ ಆಟವಿತ್ತು. ಆಡಿದ.

ಬೆಳಗಾವಿಯ ಫೈನಲ್ಲಿನ ನಡುವೆ ಅವನ ಮೊಣಕಾಲು ಬಾತು ಕೆಂಪಾಗಿತ್ತು.

"ಸಾವ್ಕಾರ್ರ, ಕಾಲು ಮಾತ ಕೇಳವಲ್ದು."

"ಇದೊಂದು ಆಟ, ರೊಜಾರಿಯೊ. ಇದೊಂದ."

ಗೆದ್ದರು. ಕಪ್ಪು ಹಿಡಿದು ಶಿವಲಿಂಗಪ್ಪ ಮುಂದೆ ನಡೆದ. ಜೊತೆಯ ಆಟಗಾರ ಸಾತಪ್ಪ ರೊಜಾರಿಯೊನನ್ನು ಬೆನ್ನ ಮೇಲೆ ಹೊತ್ತು ಲಾರಿಗೆ ಹತ್ತಿಸಿದ. ಅವನ ಆಟ ಅಲ್ಲಿಗೇ ಮುಗಿಯಿತು, ಮುಂದೆ ಟೀಮೂ ನಿಂತುಹೋಯಿತು. ಅದೇ ಸಾವ್ಕಾರನ ಸಾಮಿಲ್ಲಿನಲ್ಲಿ ರೊಜಾರಿಯೊ ಕುಂಟುತ್ತ ದಿಮ್ಮಿ ಉರುಳಿಸತೊಡಗಿದ. ಜೋಯಿಡಾ ಕಡೆಯ ಸಿದ್ದಿ ಹೆಣ್ಣು ಇಜಾಬೆಲ್ ಅಲ್ಲಿಯೇ ಮರದ ಸಿಪ್ಪೆ ಹೊರುತ್ತಿದ್ದಳು. ಅವನು ಓಡಿದ್ದನ್ನು ಅವಳು ಯಾವತ್ತೂ ಕಾಣಲಿಲ್ಲ.

*

ಇಜಾಬೆಲ್ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡಳು. ನಂಬರಿನ ಮೇಲೆ ಬೆರಳಾಡಿಸಿದಳು. ಮೆಲ್ಲಗೆ ಮಡಚಿ ತಿರುಗಿ ಕೊಟ್ಟಳು.

"ಬ್ಯಾಡ್ರಿ, ಸಾವ್ಕಾರ್ರ."

"ಯಾಕವ್ವಾ? ಮಾನದ ಅಂಗಿ ಅದು."

"ಇರಬೇಕ್ರಿ. ದಿನಾ ಆ ಕಾಲು ತಿಕ್ಕಿದಾಕಿ ನಾನು. ಅವರಿಗೆ ಭಾಳ ದಣಿವಾಗೇತಿ. ಇನ್ನ ಆಡಂಗಿಲ್ಲ."

ಶಿವಲಿಂಗಪ್ಪ ಅಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಸರಿದ. ರೊಜಾರಿಯೊ ತನ್ನ ಮದುವೆಗೆ ಹೊಲಿಸಿದ್ದ ಬಿಳಿ ಅಂಗಿಯನ್ನು ಸಾತಪ್ಪ ಟ್ರಂಕಿನಿಂದ ತೆಗೆದು ಹೆಣಕ್ಕೆ ತೊಡಿಸಿದ. ಪೆಟ್ಟಿಗೆ ಎತ್ತುವಾಗ ಸಾವ್ಕಾರನೂ ಹೆಗಲು ಕೊಟ್ಟ. ಯಾರೂ ಬೇಡವೆನ್ನಲಿಲ್ಲ.

ಮಣ್ಣು ಕೊಟ್ಟು ಬಂದವರೆಲ್ಲ ಸಂಜೆಗೆ ಚದುರಿದರು. ಇಜಾಬೆಲ್ ಮಿಂದು, ಒದ್ದೆ ಸೀರೆ ಹಿಂಡಿಕೊಂಡು ಹಿತ್ತಲಿಗೆ ಬಂದಳು. ಗೋಡೆಯ ಗೂಟದಿಂದ ಹಲಸಿನ ಗಿಡಕ್ಕೆ ಹಗ್ಗ ಕಟ್ಟಿತ್ತು, ರೊಜಾರಿಯೊನ ತಲೆಯ ಎತ್ತರಕ್ಕೆ. ಇಷ್ಟು ವರ್ಷ ಅರಿವೆ ಒಣಹಾಕಿದವನು ಅವನೇ. ಅವಳು ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಬೆರಳಷ್ಟೇ ತಾಗಿತು.

ಒಗೆಯುವ ಕಲ್ಲಿನ ಮೇಲೆ ಹತ್ತಿ ಗಂಟು ಬಿಚ್ಚಿದಳು. ಕೆಳಗಿಳಿದು, ತನ್ನ ಭುಜದ ಮಟ್ಟಕ್ಕೆ ಹಗ್ಗವನ್ನು ಬಿಗಿದು ಕಟ್ಟಿದಳು.